ಸ್ಲೈಡರ್ ಪುರಾಣ

ಇವತ್ತು ಶಿರಸಿಯಲ್ಲಿ ಒಂದು ಮದುವೆ ಊಟ. ಪಂಕ್ತಿಯಲ್ಲಿ ಪಕ್ಕಕ್ಕೆ ಇಬ್ಬರು ಹುಡುಗರು, ಇಬ್ಬರ ಕುತ್ತಿಗೆಯಲ್ಲೂ ಕ್ಯಾಮೆರಾ. ಫೋಟೋ ತಿದ್ದುವ ಸಾಫ್ಟ್‌ವೇರ್‌ಗಳಲ್ಲಿ ಲೈಟ್‌ರೂಮ್ ಮೇಲೋ, ಕ್ಯಾಪ್ಚರ್ ಒನ್ ಮೇಲೋ ಅಂತ ಪಾಯಸ ಬರುವ ತನಕ ಜಗಳ. ಒಂದು ಫೋಟೋವನ್ನು ಎರಡರಲ್ಲೂ ಎಡಿಟ್ ಮಾಡಿ ಮೊಬೈಲಿನಲ್ಲಿ ಅಕ್ಕಪಕ್ಕ ಇಟ್ಟು ತೋರಿಸುತ್ತಿದ್ದರು. ಒಂದೇ ಒಂದು ಫೋಟೋ! ನನಗೆ ಪಿತ್ತ ನೆತ್ತಿಗೇರಿತು.

ಮದುವೆ ಸೀಸನ್ ಮುಗಿಯುವಾಗ ನನ್ನ ಕಣ್ಣು ಹೇಗಿರುತ್ತದೆ ಅಂತ ನೀವೆಲ್ಲ ನೋಡಿದವರೇ. ಆ ಕೆಂಪು ಎಡಿಟ್ ಮಾಡಿ ಬಂದದ್ದಲ್ಲ, ರಾಶಿ ಫೋಟೋದಲ್ಲಿ ಒಳ್ಳೆಯದನ್ನು ಆರಿಸಿ ಆರಿಸಿ ಬಂದದ್ದು. ಯಕ್ಷಗಾನದ ಫೋಟೋ ತೆಗೆದವರನ್ನು ಕೇಳಿ. ವೇಷಧಾರಿ ಮಂಡಿ ಹಾಕಿ ಗಿರಕಿ ಹೊಡೆಯುವಾಗ ಶಟರ್ ಒತ್ತಿ ಹಿಡಿದಿರುತ್ತೇವೆ. ಆಮೇಲೆ ನೋಡಿದರೆ ಒಂದರಲ್ಲಿ ಕಣ್ಣು ಮುಚ್ಚಿದೆ, ಒಂದರಲ್ಲಿ ಮುಖಕ್ಕೆ ಕೈ ಅಡ್ಡ, ಇನ್ನೊಂದರಲ್ಲಿ ಎಲ್‌ಇಡಿ ದೀಪ ಮಿನುಗಿ ಕಿರೀಟದ ಮೇಲೆ ಕಪ್ಪು ಪಟ್ಟೆ. ಇಡೀ ಸಾಲಿನಲ್ಲಿ ಬದುಕುವುದು ಒಂದು. ಆ ಒಂದನ್ನು ಹುಡುಕುವಷ್ಟರಲ್ಲಿ ಚಹಾ ಆರಿ ಕೆನೆ ಕಟ್ಟಿರುತ್ತದೆ. ಈ ಹುಡುಕಾಟವನ್ನು ಯಾವ ಸಾಫ್ಟ್‌ವೇರ್ ಬೇಗ ಮುಗಿಸಿಕೊಡುತ್ತದೆ ಅಂತ ಒಬ್ಬನೂ ಹೋಲಿಸುವುದಿಲ್ಲ.

ಆರಿಸುವುದಕ್ಕೇ ಫೋಟೋ ಮೆಕ್ಯಾನಿಕ್ ಅಂತ ಒಂದು ಸಾಫ್ಟ್‌ವೇರ್ ಇದೆ. ಅದಕ್ಕೆ ಬಣ್ಣ ತಿದ್ದುವ ಹುಚ್ಚಿಲ್ಲ. ಕ್ಯಾಮೆರಾ ತನ್ನ ರಾ ಫೈಲಿನ, ಅಂದರೆ ಇನ್ನೂ ಸಂಸ್ಕರಿಸದ ಹಸಿ ಫೋಟೋದ, ಒಳಗೇ ನೋಡಲು ಸಿದ್ಧವಾದ ಒಂದು ಜೆಪೆಗ್ ಚಿತ್ರ ಇಟ್ಟಿರುತ್ತದಲ್ವಾ, ಅದನ್ನೇ ಎತ್ತಿ ತೋರಿಸುತ್ತದೆ. ಅದಕ್ಕೇ ಬಾಣ ಒತ್ತಿದ ತಕ್ಷಣ ಮುಂದಿನ ಫೋಟೋ. ಲೈಟ್‌ರೂಮ್ ಕ್ಲಾಸಿಕ್ ತಾನೇ ಪ್ರಿವ್ಯೂ ಕಟ್ಟುತ್ತಾ ಕೂತರೆ ನನ್ನ ಲ್ಯಾಪ್‌ಟಾಪ್ ಫ್ಯಾನ್ ಚಂಡೆ ಬಾರಿಸುತ್ತದೆ. ಇಂಪೋರ್ಟ್ ಮಾಡುವಾಗ ‘ಎಂಬೆಡೆಡ್’ ಪ್ರಿವ್ಯೂ ಆರಿಸಿದರೆ ಅದೂ ಒಳಗಿನ ಜೆಪೆಗ್ಗನ್ನೇ ತೋರಿಸುತ್ತದೆ. ಕ್ಯಾಪ್ಸ್ ಲಾಕ್ ಹಾಕಿ, ಬೇಕಾದ್ದಕ್ಕೆ ಪಿ, ಬೇಡದ್ದಕ್ಕೆ ಎಕ್ಸ್ ಒತ್ತುತ್ತಾ ಹೋದರೆ ಮುಂದಿನ ಫೋಟೋ ತಾನಾಗಿ ಬರುತ್ತದೆ. ಇದನ್ನು ಹೇಳುವ ವಿಡಿಯೋಗೆ ಲೈಕ್ ಇಲ್ಲ, ಸ್ಕಿನ್ ಟೋನ್ ವಿಡಿಯೋಗೆ ಜಾತ್ರೆ.

ನಮ್ಮಲ್ಲಿ ಅಡಿಕೆ ಆರಿಸುವವರು ಒಂದೊಂದನ್ನೂ ಉಜ್ಜಿ ಹೊಳಪು ಕೊಟ್ಟು, ಆಮೇಲೆ ಇದು ಚಾಲಿ ಇದು ಕೆಂಪುಗೋಟು ಅಂತಾರಾ?

ಕ್ಯಾಪ್ಚರ್ ಒನ್‌ನಲ್ಲಿ ಚರ್ಮದ ಬಣ್ಣ ಚೆಂದ ಬರುತ್ತದೆ ಅಂತೀರಿ. ಬರುತ್ತದೆ, ಒಪ್ಪಿದೆ. ಆ ಬಣ್ಣ ಕೊನೆಗೆ ಹೋಗುವುದೆಲ್ಲಿಗೆ? ವಾಟ್ಸಾಪ್ ಅದನ್ನು ಹಿಂಡಿ ಹಿಪ್ಪೆ ಮಾಡಿ ಮದುಮಗಳ ಸೋದರತ್ತೆಯ ಫೋನಿಗೆ ಹಾಕುತ್ತದೆ. ಅವರು ನೋಡುವುದು ತಮ್ಮ ಸೀರೆ ಕಾಣುತ್ತದಾ ಅಂತ. ಆಯ್ತು, ಮುಂದೆ ಹೋಗೋಣ.

ಇನ್ನು ಕ್ಲೌಡ್ ಭಕ್ತರು, ಅಂದರೆ ಫೋಟೋವನ್ನೆಲ್ಲ ಇಂಟರ್ನೆಟ್ಟಿಗೆ ಹತ್ತಿಸಿ ಇಡುವವರು. 2017ರಲ್ಲಿ ಅಡೋಬಿಯವರು ಲೈಟ್‌ರೂಮನ್ನು ಎರಡು ಮಾಡಿದರು. ಕ್ಲಾಸಿಕ್ ನಮ್ಮ ಹಾರ್ಡ್‌ಡಿಸ್ಕ್ ನೆಚ್ಚಿಕೊಂಡಿತು, ಇನ್ನೊಂದು ಮೋಡ ಹತ್ತಿತು. ಬೆಂಗಳೂರಿನವರಿಗೆ ಸರಿ. ಆಷಾಢದ ಮಳೆಯಲ್ಲಿ, ಕರೆಂಟು ಹೋಗಿ ಟವರೂ ಮಲಗಿದ ಮೇಲೆ, 64 ಜಿಬಿ ಕಾರ್ಡನ್ನು ಮೋಡಕ್ಕೆ ಹತ್ತಿಸಿ ನೋಡೋಣ! ಇಲ್ಲಿ ಮೋಡ ಇಳಿಯುತ್ತದೆ, ಹತ್ತುವುದಿಲ್ಲ.

ಕತ್ತಲಲ್ಲಿ ತೆಗೆದ ಫೋಟೋದ ಕಾಳು ಕಾಳನ್ನು ಅಳಿಸುವ ಎಐ ಡಿನಾಯ್ಸ್ ಕೂಡ ಇದೇ ಕಥೆ. ರಾತ್ರಿಯ ಯಕ್ಷಗಾನದ ಫೋಟೋ ನಿಜಕ್ಕೂ ಚೊಕ್ಕಟ ಆಗುತ್ತದೆ. ಆದರೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಒಂದೊಂದಕ್ಕೂ ನಿಮಿಷಗಟ್ಟಲೆ ಕಾಯಬೇಕು. ಆರಿಸಿದ್ದಕ್ಕೆ ಮಾತ್ರ ಹಾಕಿ ಮಾರಾಯ್ರೆ, ಇಡೀ ಫೋಲ್ಡರಿಗೆ ಯಾಕೆ?

ಒಂದು ಗುಟ್ಟು ಹೇಳ್ತೇನೆ. ಫೋಟೋ ತಿದ್ದುವುದರಲ್ಲಿ ನನಗೆ ಬಹಳ ಇಷ್ಟದ್ದು ಡಾರ್ಕ್‌ಟೇಬಲ್ ಅನ್ನುವ ಸಾಫ್ಟ್‌ವೇರ್. ಪುಕ್ಕಟೆ, ತಿಂಗಳ ಬಾಡಿಗೆ ಇಲ್ಲ. ಮಾಡಿದ ಎಡಿಟನ್ನೆಲ್ಲ ಫೋಟೋ ಪಕ್ಕದಲ್ಲೇ ಸಣ್ಣ ಎಕ್ಸ್‌ಎಂಪಿ ಫೈಲಿನಲ್ಲಿ ಬರೆದಿಡುತ್ತದೆ. ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಸುಮ್ನೆ ಅದರ ಫಿಲ್ಮಿಕ್ ಅನ್ನುವ, ಬೆಳಕು-ನೆರಳು ಹದ ಮಾಡುವ ಸ್ಲೈಡರ್ ಎಳೆಯುತ್ತಾ ಕೂರುತ್ತೇನೆ. ಹೊಟ್ಟೆಪಾಡಿಗೆ ಮಾತ್ರ ಮೆಕ್ಯಾನಿಕ್‌ನಲ್ಲಿ ಆರಿಸಿ, ಆರಿಸಿದ್ದನ್ನಷ್ಟೇ ಕ್ಲಾಸಿಕ್‌ಗೆ ಹಾಕಿ, ಒಂದನ್ನು ತಿದ್ದಿ, ಅದೇ ತಿದ್ದುಪಡಿ ಉಳಿದವಕ್ಕೂ ಹೋಗಲಿ ಅಂತ ಸಿಂಕ್ ಒತ್ತುತ್ತೇನೆ.

ಯಾವುದು ಮೇಲು ಅಂತ ನನ್ನ ಜೊತೆ ವಾದ ಮಾಡುವ ಆಸೆ ಇದ್ದರೆ ಮನೆಗೇ ಬನ್ನಿ, ತೆಳ್ಳೇವು (ತೆಳು ದೋಸೆ) ಹಾಕಿಸುತ್ತೇನೆ. ಬರುವಾಗ ಇಡೀ ಕಾರ್ಡು ತನ್ನಿ.