ಕರ್ವ್ಸ್ ಮಾಡಿ ಕಳಿಸಿ ಸಾರ್

ಈ ವಾರವೂ ಅದೇ ಫೋನು. "ಸಾರ್, ನಿಮ್ ಫೈಲ್ ಓಪನ್ ಆಗ್ತಿಲ್ಲ. ಸಿಡಿಆರ್ ಇದ್ರೆ ಕಳಿಸಿ. ಎಕ್ಸ್ ಸೆವೆನ್‌ಗೆ ಸೇವ್ ಮಾಡಿ. ಹಾಗೇ ಕರ್ವ್ಸ್ ಮಾಡ್ಬಿಡಿ." ಲೋಗೊ, ಬ್ಯಾನರ್, ಮದುವೆ ಕಾರ್ಡು ಅಂತ ಒಮ್ಮೆಯಾದರೂ ಪ್ರಿಂಟಿಂಗ್ ಪ್ರೆಸ್ಸಿನ ಮೆಟ್ಟಿಲು ಹತ್ತಿದವರಿಗೆ ಈ ಮಂತ್ರ ಬಾಯಿಪಾಠ. ಅರ್ಥ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಮಂತ್ರಕ್ಕೆ ಯಾರು ಅರ್ಥ ಕೇಳುತ್ತಾರೆ?

ಚಿತ್ರ ಬರೆಯುವ ಸಾಫ್ಟ್‌ವೇರುಗಳಲ್ಲಿ ಅಡೋಬಿ ಕಂಪನಿಯ ಇಲ್ಲಸ್ಟ್ರೇಟರ್ ಬಂದಿದ್ದು 1987ರಲ್ಲಿ, ಸಿಡಿಆರ್ ಫೈಲ್ ಮಾಡುವ ಕೋರಲ್ ಡ್ರಾ 1989ರಲ್ಲಿ. ಅಂದಿನಿಂದ ಇಬ್ಬರೂ ಒಂದೇ ಬೀದಿಯಲ್ಲಿ ಅಂಗಡಿ ಇಟ್ಟುಕೊಂಡು ಮಾತು ಬಿಟ್ಟಿರುವ ದಾಯಾದಿಗಳ ಹಾಗಿದ್ದಾರೆ. ಹಾಗಂತ ಔದಾರ್ಯ ಇಲ್ಲ ಅನ್ನಬೇಡಿ. ಇಲ್ಲಸ್ಟ್ರೇಟರ್ ಕೋರಲ್ ಫೈಲನ್ನು ಖಂಡಿತ ತೆರೆಯುತ್ತದೆ. ಆದರೆ ಹತ್ತನೇ ಆವೃತ್ತಿವರೆಗಿನದ್ದು ಮಾತ್ರ. ಆ ಹತ್ತನೇ ಆವೃತ್ತಿ ಬಂದಿದ್ದು 2000ದಲ್ಲಿ. ನಿಮ್ಮ ಹತ್ತಿರ ಆ ಕಾಲದ ಫೈಲ್ ಇದ್ದರೆ ನೀವೇ ಪುಣ್ಯವಂತರು.

ಕೋರಲ್ಲಿಗೆ ತನ್ನ ಮನೆಯವರ ಮೇಲೂ ಅಷ್ಟೇ ಪ್ರೀತಿ. ಹೊಸ ಕೋರಲ್‌ನಲ್ಲಿ ಉಳಿಸಿದ ಫೈಲನ್ನು ಹಳೇ ಕೋರಲ್ ಮೂಸಿಯೂ ನೋಡುವುದಿಲ್ಲ. ಅದಕ್ಕೇ "ಎಕ್ಸ್ ಸೆವೆನ್‌ಗೆ ಸೇವ್ ಮಾಡಿ" ಅನ್ನುವ ಬೇಡಿಕೆ. ಎಕ್ಸ್ ಸೆವೆನ್ ಅಂದರೆ ಕೋರಲ್‌ನ ಒಂದು ಹಳೇ ಆವೃತ್ತಿ.

ಎಲ್ಲಕ್ಕಿಂತ ತಮಾಷೆ ಏನಪ್ಪಾ ಅಂದ್ರೆ, ಒಳಗಿರುವ ಗೆರೆ ಎರಡು ಕಡೆಯೂ ಒಂದೇ. ಬೆಝಿಯೆ ಗೆರೆ. ನಾಲ್ಕು ಬಿಂದು ಕೊಟ್ಟರೆ ಒಂದು ಬಾಗು ಬರುತ್ತದೆ, ಅಷ್ಟೇ ಲೆಕ್ಕ. ಇದರ ಹುಟ್ಟಿನ ಕಥೆ ಕೇಳಿ. 1959ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಾರು ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್ಜೊ ಎಂಬ ಗಣಿತಜ್ಞ ಇದನ್ನು ಕಂಡುಹಿಡಿದರು. ಕಂಪನಿ ಅದನ್ನು ಗುಟ್ಟಾಗಿ ಬೀರುವಿನಲ್ಲಿಟ್ಟು ಬೀಗ ಹಾಕಿತು. ಎದುರಾಳಿ ರೆನೊ ಕಂಪನಿಯಲ್ಲಿದ್ದ ಪಿಯರ್ ಬೆಝಿಯೆ ಅದೇ ದಾರಿಯಲ್ಲಿ ನಡೆದು ತಮ್ಮ ಕೆಲಸವನ್ನು ಪ್ರಕಟಿಸಿದರು. ಹೆಸರು ಅವರಿಗೆ ಸಿಕ್ಕಿತು. ಮೊದಲು ಕಂಡುಹಿಡಿದವರಿಗೆ ಬೀಗದ ಕೈ ಸಿಕ್ಕಿತು. ಹೀಗೆ ಈ ಗೆರೆಗೆ ಹುಟ್ಟಿನಿಂದಲೇ ಕಂಪನಿ ಗುಟ್ಟಿನ ದೋಷ ಇದೆ. ಶಾಂತಿ ಹೋಮ ಮಾಡಿಸಿದರೂ ಹೋಗುವ ಹಾಗೆ ಕಾಣುವುದಿಲ್ಲ.

ಎಸ್‌ವಿಜಿ ಅನ್ನುವ ಫೈಲ್ ಬಗೆ ಇದೆಯಲ್ಲ ಅಂತ ಬುದ್ಧಿವಂತರು ಹೇಳುತ್ತಾರೆ. ಇದೆ. 2001ರಿಂದ ಎಲ್ಲರಿಗೂ ಮುಕ್ತವಾದ ಮಾನಕ ಅದು, ಚಿತ್ರದ ಹೆಚ್ಚಿನ ಸಾಫ್ಟ್‌ವೇರುಗಳು ಓದುತ್ತವೆ. ಆದರೆ ಇಲ್ಲಸ್ಟ್ರೇಟರ್‌ಗೆ ಒಂದು ಇಂಚಿಗೆ 72 ಪಿಕ್ಸೆಲ್, ಇಂಕ್‌ಸ್ಕೇಪ್ ಎಂಬ ಬಿಟ್ಟಿ ಸಾಫ್ಟ್‌ವೇರ್‌ಗೆ 96. ಅಲ್ಲಿ ಪಿಕ್ಸೆಲ್ ಲೆಕ್ಕದಲ್ಲಿ ಉಳಿಸಿದ ನಾಲ್ಕು ಅಡಿ ಬೋರ್ಡು ಇಲ್ಲಿ ತೆರೆದಾಗ ಮೂರಡಿ. ಅಡಿಗಿಷ್ಟು ಅಂತ ದುಡ್ಡು ಕೊಡುವವರಿಗೆ ಇದು ಲಾಭವೇ ಅನ್ನಿ.

ನಡುವೆ ಇಲ್ಲಸ್ಟ್ರೇಟರ್‌ಗೆ ಎದುರಾಳಿಯಾಗಿ ಫ್ರೀಹ್ಯಾಂಡ್ ಅಂತ ಒಂದು ಒಳ್ಳೆ ಸಾಫ್ಟ್‌ವೇರ್ ಇತ್ತು, ನೆನಪಿದೆಯಾ? 1994ರಲ್ಲಿ ಅಡೋಬಿ ಕಂಪನಿ ಫ್ರೀಹ್ಯಾಂಡ್ ಮಾರುತ್ತಿದ್ದ ಆಲ್ಡಸ್ ಕಂಪನಿಯನ್ನು ಸೇರಿಸಿಕೊಂಡಾಗ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತಲೆ ಹಾಕಿ, ಫ್ರೀಹ್ಯಾಂಡನ್ನು ಬಿಟ್ಟುಕೊಡಿ, ಹತ್ತು ವರ್ಷ ಮುಟ್ಟಬೇಡಿ ಅಂದಿತು. ಅಡೋಬಿ ವಿಧೇಯ ಹುಡುಗನ ಹಾಗೆ ಗಡುವು ಮುಗಿಯುವತನಕ ಸುಮ್ಮನಿತ್ತು. 2005ರಲ್ಲಿ ಫ್ರೀಹ್ಯಾಂಡಿನ ಆಗಿನ ಒಡೆಯ ಮ್ಯಾಕ್ರೋಮೀಡಿಯಾ ಕಂಪನಿಯನ್ನೇ ಕೊಂಡಿತು, ಜೊತೆಯಲ್ಲಿ ಫ್ರೀಹ್ಯಾಂಡೂ ಬಂತು. 2007ರಲ್ಲಿ ಇನ್ನು ಇದರ ಹೊಸ ಆವೃತ್ತಿ ಬರುವುದಿಲ್ಲ ಅಂತ ಹೇಳಿತು. ಫ್ರೀಹ್ಯಾಂಡ್‌ನಲ್ಲಿ ವರ್ಷಗಟ್ಟಲೆ ಚಿತ್ರ ಬರೆದವರು ಏನು ಮಾಡಬೇಕು? ಅದು ಅವರ ಕರ್ಮ.

ಈಗ ನಮ್ಮ ಕನ್ನಡಕ್ಕೆ ಬನ್ನಿ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಯೂನಿಕೋಡ್ ಅಲ್ಲದ ಹಳೇ ನುಡಿ, ಶ್ರೀಲಿಪಿ ಫಾಂಟುಗಳು ಜಾಸ್ತಿ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಫೈಲ್ ತೆರೆದರೆ 'ಕನ್ನಡ' ಎಂಬಲ್ಲಿ ತಲೆಮೇಲೆ ಕೊಂಬು ಟೋಪಿ ಇಟ್ಟ ಯುರೋಪಿನ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಯೂನಿಕೋಡ್‌ನಲ್ಲಿ ಬರೆದುಕೊಟ್ಟರೆ, ಸೆಟ್ಟಿಂಗ್ ಸರಿ ಇಲ್ಲದಿದ್ದಲ್ಲಿ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ಕೂರುತ್ತದೆ. ಅದಕ್ಕೇ ಕರ್ವ್ಸ್. ಅಕ್ಷರವನ್ನು ಅಕ್ಷರವಾಗಿ ಇರಲು ಬಿಡದೆ ಬರೀ ಗೆರೆ ಮಾಡಿಬಿಡುವುದು. ಆಮೇಲೆ ಫಾಂಟ್ ಬೇಡ, ಒತ್ತಕ್ಷರದ ತಂಟೆ ಇಲ್ಲ. ಒಂದೇ ತೊಂದರೆ, 'ಸುಸ್ವಾಗತ'ದಲ್ಲಿ ವ ಬಿಟ್ಟುಹೋಗಿದ್ದರೆ ತಿದ್ದಲಾಗುವುದಿಲ್ಲ. ನಮ್ಮ ಬೀದಿಗಳಲ್ಲಿ 'ಸುಸಾಗತ' ಅಂತ ಹತ್ತಡಿ ಬೋರ್ಡಿನ ಪಕ್ಕ ಶಾಸಕರು ಕೈ ಮುಗಿದು ನಗುತ್ತಾ ನಿಂತಿರುವುದು ಹೀಗೆ. ತಪ್ಪು ಗೊತ್ತಾದಾಗ ಅಕ್ಷರ ಆಗಲೇ ಅಕ್ಷರವಾಗಿ ಉಳಿದಿರುವುದಿಲ್ಲ.

ಅಂಗಡಿ ಬೋರ್ಡಿನಲ್ಲಿ ಕನ್ನಡ ಶೇ. 60 ಇರಬೇಕು ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಬಹಳ ಒಳ್ಳೆಯದು. ಆ ಶೇ. 60ರಲ್ಲಿ ಕಾಗುಣಿತ ಎಷ್ಟು ಪಾಲು ಸರಿ ಇರಬೇಕು ಅಂತಲೂ ಒಂದು ಸಾಲು ಸೇರಿಸಿದ್ದರೆ ಚೆನ್ನಾಗಿತ್ತು.

ನಗುವುದಕ್ಕೂ ಒಂದು ಮಿತಿ ಇದೆ. ಚಿತ್ರ ನಾನು ಬರೆದದ್ದು. ಗೆರೆ ನನ್ನದು. ಅದನ್ನು ತೆರೆದು ನೋಡಲು ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು, ಬಾಡಿಗೆ ನಿಲ್ಲಿಸಿದರೆ ನನ್ನದೇ ಚಿತ್ರ ನನಗೆ ತೆರೆಯುವುದಿಲ್ಲ. 2013ರಿಂದ ಅಡೋಬಿಯ ಪದ್ಧತಿ ಇದು. ಫೈಲಿನ ರಚನೆ ಹೇಗಿದೆ ಎಂದು ಕೋರಲ್ ಬಿಚ್ಚಿ ಹೇಳದೇ ಇದ್ದಾಗ, ಹೊರಗಿನ ಹುಡುಗರು ಕೂತು, ಸಿಡಿಆರ್ ಫೈಲನ್ನು ಬೈಟ್ ಬೈಟಾಗಿ ಬಿಡಿಸಿ, ಅದನ್ನು ಓದುವ ಕೋಡ್ ಬರೆದು ಎಲ್ಲರಿಗೂ ಬಿಟ್ಟಿ ಕೊಟ್ಟರು. ಇವತ್ತು ಲಿಬ್ರೆಆಫೀಸ್ ಎಂಬ ಬಿಟ್ಟಿ ಸಾಫ್ಟ್‌ವೇರ್ ಸಿಡಿಆರ್ ಓದುವುದು ಅವರ ದೆಸೆಯಿಂದ. ಕೋಟಿಗಟ್ಟಲೆ ವ್ಯವಹಾರ ಮಾಡುವವರಿಗೆ ಆಗದ್ದಲ್ಲ ಇದು. ಬೇಡವಾಗಿದೆ, ಅಷ್ಟೇ.

ನಾನು ಪಿಡಿಎಫ್ ಕಳಿಸಿದೆ. ಇಲ್ಲಸ್ಟ್ರೇಟರ್‌ನ ಎಐ ಫೈಲ್ ಕಳಿಸಿದೆ. ಎಸ್‌ವಿಜಿ ಕಳಿಸಿದೆ. ಕೊನೆಗೆ ಪ್ರೆಸ್ಸಿನ ಹುಡುಗನೇ ಪರಿಹಾರ ಹೇಳಿದ. "ಅದೆಲ್ಲ ಬಿಡಿ ಸಾರ್, ವಾಟ್ಸಾಪಲ್ಲಿ ಫೋಟೋ ಹಾಕಿ, ಟ್ರೇಸ್ ಮಾಡ್ಕೋತೀವಿ. ಇನ್ನೂರು ಜಾಸ್ತಿ ಆಗತ್ತೆ."