ಒಂದು ದಿನ ಮೊದಲೇ ಹುಟ್ಟಿದವನ ಅಫಿಡವಿಟ್ಟು

ನಾನು ಹುಟ್ಟಿದ್ದು 1958ರ ಜೂನ್ 1ರಂದು. ನಿಜವಾಗಿ ಹುಟ್ಟಿದ್ದು ಶ್ರಾವಣದ ಜಿಟಿಜಿಟಿ ಮಳೆಯಲ್ಲಂತೆ, ಅವ್ವ ಹೇಳುತ್ತಿದ್ದಳು. ಜೂನ್ 1 ಹೆಡ್‌ಮೇಷ್ಟ್ರು ದಯಪಾಲಿಸಿದ್ದು. ನಮ್ಮ ಕ್ಲಾಸಿನ ಮುಕ್ಕಾಲು ಪಾಲು ಹುಡುಗರು ಅದೇ ದಿನ ಹುಟ್ಟಿದವರು. ಇಷ್ಟು ವರ್ಷ ಆ ಸುಳ್ಳನ್ನು ಬಲು ಪ್ರಾಮಾಣಿಕವಾಗಿ ಕಾಪಾಡಿಕೊಂಡು ಬಂದಿದ್ದೆ. ಹೋದ ತಿಂಗಳು ದಾವಣಗೆರೆಯ ಒಂದು ಕಚೇರಿಯ ಕಂಪ್ಯೂಟರು ಅದರಲ್ಲೂ ಒಂದು ದಿನ ಮುರಿದುಕೊಂಡು ‘ಮೇ 31’ ಅಂತ ಅಚ್ಚು ಹಾಕಿ ಕೊಟ್ಟಿತು.

“ತಾರೀಖು ತಪ್ಪೈತಲ್ರೀ” ಅಂದೆ.

ಕೌಂಟರಿನ ಹುಡುಗ ಪರದೆ ನೋಡಿದ, ನನ್ನನ್ನು ನೋಡಿದ. ಇಬ್ಬರಲ್ಲಿ ಪರದೆಯೇ ನಂಬಿಕಸ್ಥ ಅನಿಸಿರಬೇಕು. “ಸಾಫ್ಟ್‌ವೇರ್ ತಪ್ಪು ಹೇಳಂಗಿಲ್ಲ ಯಜಮಾನ್ರೆ. ಒಂದು ಅಫಿಡವಿಟ್ ಮಾಡಿಸ್ಕೊಂಡು ಬರ್ರಿ.”

ವಿದ್ಯಾನಗರದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ಅಕ್ಕನ ಮಗ ಕಾಗದ ನೋಡಿ ನಕ್ಕ. “ಮಾವ, ಪ್ರೋಗ್ರಾಮು ಬರೆದವನ ಲ್ಯಾಪ್‌ಟಾಪು ನಮ್ಮ ಟೈಮಿನಾಗೆ ಇರತೈತಿ. ಸರ್ವರ್ರು ಯುಟಿಸಿ ಅನ್ನೋ ಜಗತ್ತಿನ ಟೈಮಿನಾಗೆ, ಅಂದ್ರೆ ಐದೂವರೆ ತಾಸು ಹಿಂದೆ. ಬರೀ ತಾರೀಖು ಕೊಟ್ರೆ ಪ್ರೋಗ್ರಾಮು ಅದನ್ನ ನಡುರಾತ್ರಿ 12 ಅಂತ ತಗಳ್ಳತೈತಿ. ಇಲ್ಲಿ ಜೂನ್ 1ರ ನಡುರಾತ್ರಿ, ಅಲ್ಲಿ ಮೇ 31ರ ಸಂಜಿ ಆರೂವರೆ.”

“ಅವನು ಒಂದು ಸಲ ನೋಡಬಾರದಿತ್ತಾ?”

“ನೋಡಿರ್ತಾನೆ. ಅವನ ಲ್ಯಾಪ್‌ಟಾಪಿನಾಗೆ ಸರಿ ಬಂದಿರ್ತೈತಿ.”

ಈ ಮಾತು ನನಗೆ ಹೊಸದಲ್ಲ. ಭದ್ರಾ ಕಾಲುವೆಯ ಕೊನೇ ಭಾಗದ ರೈತರು ಗದ್ದೆ ಬಿರುಕು ಬಿಟ್ಟಿದೆ ಅಂತ ರಸ್ತೆಗೆ ಬಂದು ಕೂತಾಗೆಲ್ಲ ಮೇಲಿನಿಂದ ಬರುವ ಉತ್ತರ ಇದೇ: ಡ್ಯಾಮಿನಲ್ಲಿ ನೀರಿದೆಯಲ್ಲ! ಬರೆದವನ ಲ್ಯಾಪ್‌ಟಾಪಿನಂಥ ಡ್ಯಾಮಿಗೆ ಸಾಫ್ಟ್‌ವೇರಿನವರು ‘ಡೆವಲಪ್‌ಮೆಂಟ್’ ಅನ್ನುತ್ತಾರೆ, ಜನ ಬಳಸುವ ಕೊನೇ ಭಾಗಕ್ಕೆ ‘ಪ್ರೊಡಕ್ಷನ್’. ಗದ್ದೆ ಇರುವುದು ಕೊನೇ ಭಾಗದಲ್ಲಿ ಅನ್ನುವುದು ಮಾತ್ರ ಎರಡೂ ಕಡೆ ಯಾರಿಗೂ ನೆನಪಿರುವುದಿಲ್ಲ.

ಬರೆದವನು ಯಾರು, ಹಿಡಿದು ಕೇಳೋಣ ಅಂದೆ. ಪೂರ್ತಿ ಬರೆದವನು ಯಾರೂ ಇಲ್ಲವಂತೆ! ನಮ್ಮವನು ನೂರು ಸಾಲು ಬರೆದರೆ ಉಳಿದ ಲಕ್ಷ ಸಾಲು ಊರೂರಿನ ಅಪರಿಚಿತರಿಂದ ತಂದ ಕೈಗಡ. ಅವರೂ ಇನ್ಯಾರಿಂದಲೋ ತಂದಿರುತ್ತಾರೆ. 2016ರ ಮಾರ್ಚಿನಲ್ಲಿ ಒಬ್ಬ ಪುಣ್ಯಾತ್ಮ ಹೆಸರಿನ ಜಗಳವೊಂದರಲ್ಲಿ ಸಿಟ್ಟಾಗಿ, ಎನ್‌ಪಿಎಂ ಎಂಬ ಕೈಗಡದ ಉಗ್ರಾಣದಿಂದ ತನ್ನ ಸಾಮಾನೆಲ್ಲ ವಾಪಸ್ ತೆಗೆದುಕೊಂಡ. ಅದರಲ್ಲಿ ‘ಲೆಫ್ಟ್-ಪ್ಯಾಡ್’ ಅಂತ 11 ಸಾಲಿನ ತುಣುಕೊಂದಿತ್ತು. ಬೇಬೆಲ್, ರಿಯಾಕ್ಟ್‌ನಂಥ ದೊಡ್ಡ ಪ್ರೋಗ್ರಾಮುಗಳನ್ನು ನೆಚ್ಚಿಕೊಂಡವರ ಕೆಲಸವೂ ಜಗತ್ತಿನಾದ್ಯಂತ ಮಕಾಡೆ ಮಲಗಿತು. ಆ 11 ಸಾಲು ಮಾಡುತ್ತಿದ್ದ ಘನಕಾರ್ಯ? 7ರ ಎಡಕ್ಕೆ ಸೊನ್ನೆ ಸೇರಿಸಿ 007 ಮಾಡುವುದು. ನಮ್ಮ ದಲಾಲಿ ಅಂಗಡಿಯ ಗುಮಾಸ್ತ ಇದನ್ನು ಕಿವಿಯ ಮೇಲಿನ ಪೆನ್ಸಿಲ್ಲಿನಲ್ಲಿ, ಎಲೆ-ಅಡಿಕೆ ಜಗಿಯುತ್ತಲೇ, ಯಾರನ್ನೂ ನೆಚ್ಚದೆ ಮಾಡುತ್ತಿದ್ದ.

ತಂದ ಕೈಗಡವಾದರೂ ದಿನವೂ ಒಂದೇ ಇರುತ್ತದೆಯೇ? ಅದೂ ಇಲ್ಲ. ಚೀಟಿಯಲ್ಲಿ ‘ಇಂಥ ಆವೃತ್ತಿ, ಇಲ್ಲವಾದರೆ ಅದಕ್ಕಿಂತ ಚೂರು ಹೊಸದು’ ಅಂತ ಬರೆದಿರುತ್ತಾರೆ. ಸೋಮವಾರ ತಂದದ್ದು ಒಂದು, ಗುರುವಾರ ಸರ್ವರ್ರು ತರಿಸಿಕೊಂಡದ್ದು ಇನ್ನೊಂದು. ಇಂತಿಷ್ಟೇ ಅಂತ ಬೀಗ ಹಾಕುವ ಲಾಕ್ ಫೈಲ್ ಇದೆಯಂತೆ. ಅದನ್ನು ಕಳಿಸುವುದನ್ನೇ ಮರೆಯುತ್ತಾರಂತೆ.

“ಇದಕ್ಕೆಲ್ಲ ಮದ್ದಿಲ್ಲೇನಪ್ಪ?”

“ಐತಿ ಮಾವ. ಡಾಕರ್ ಅಂತ, 2013ರಿಂದ ಐತಿ. ಪ್ರೋಗ್ರಾಮನ್ನ ಅದಕ್ಕೆ ಬೇಕಾದ ಸಾಮಾನಿನ ಸಮೇತ ಡಬ್ಬಿಗೆ ಹಾಕೋದು.”

ಅವನು ಬಿಡಿಸಿ ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ಬೆಣ್ಣೆ ದೋಸೆ ಬೆಂಗಳೂರಿಗೆ ಹೋದರೆ ರುಚಿ ಕೆಡುತ್ತದಲ್ಲ, ಅದಕ್ಕೆ ಹಿಟ್ಟು, ಹಿಟ್ಟಿಗೆ ಹಾಕುವ ಮಂಡಕ್ಕಿ, ಬೆಣ್ಣೆ, ಕಟ್ಟಿಗೆ ಒಲೆ, ಕಾವಲಿ, ಕೊನೆಗೆ ಭಟ್ಟರನ್ನೂ ಸೇರಿಸಿ ಹೋಟೆಲನ್ನೇ ಡಬ್ಬಿಗೆ ಹಾಕಿ ಕಳಿಸುವುದು. ಒಂದು ದೋಸೆಗೆ ಇಷ್ಟು ಸಾಗಾಟವೇ ಅಂತ ಕೇಳಬೇಡಿ. ನಾನು ಕೇಳಿದ್ದು ಬೇರೆ: “ಆ ಕಚೇರಿಯೋರೂ ಡಬ್ಬಿ ಹಾಕಿದ್ರೆ ನನ್ನ ತಾರೀಖು ಉಳೀತಿತ್ತಾ?”

“ಹಾಕಿರ್ತಾರೆ ಮಾವ. ಡಬ್ಬಿ ಒಳಗಿನ ಗಡಿಯಾರಾನೂ ಯುಟಿಸಿನೇ. ಬರೆದವನು ಡಬ್ಬಿ ಹೊರಗೆ ನಿಂತು ಟೆಸ್ಟ್ ಮಾಡಿರ್ತಾನೆ.”

ನೋಟರಿ ಹತ್ತಿರ ಹೋಗಿ, ನಾನು ಜೂನ್ 1ರಂದೇ ಹುಟ್ಟಿದವನೆಂದು ಪ್ರಮಾಣ ಮಾಡಿ ಬಂದೆ. ಹುಡುಗ ಒತ್ತಿದ. ಮೇ 31. ಇನ್ನೊಮ್ಮೆ ಒತ್ತಿದ. ಮತ್ತೆ ಮೇ 31. ಸ್ವಲ್ಪ ಹೊತ್ತು ಯೋಚಿಸಿ ಆಚೀಚೆ ನೋಡಿ ಮೆಲ್ಲಗೆ ಹೇಳಿದ: “ಜೂನ್ 2 ಅಂತ ಅಫಿಡವಿಟ್ ಮಾಡಿಸ್ರಿ. 1 ಬರತೈತಿ.”

ಬಂತು! ಆ ಖುಷಿಗೆ ಇಬ್ಬರೂ ಹೊರಗೆ ಬಂದು ಮಂಡಕ್ಕಿ-ಮಿರ್ಚಿ ತಿಂದೆವು.

ಮೊನ್ನೆ ಇನ್ನೊಂದು ಪ್ರತಿ ಬೇಕಾಗಿ ಹೋದೆ. ದೂರದಿಂದಲೇ ಕೈಬೀಸಿದ. “ಯಜಮಾನ್ರೆ, ಹೊಸ ವರ್ಷನ್ ಬಂದೈತಿ. ನಿಮ್ಮ ತಾರೀಖಿನ ಸಮಸ್ಯೆ ಪೂರ್ತಿ ಸರಿ ಮಾಡ್ಯಾರೆ!”

ಪ್ರಿಂಟರು ಗೊರಗೊರ ಅಂದು ಕಾಗದ ಹೊರಗೆ ಹಾಕಿತು. ಜೂನ್ 2. ಹುಡುಗ ಕಾಗದ ನೋಡಿದ, ನನ್ನನ್ನು ನೋಡಿದ. ಅವನು ಬಾಯಿ ತೆಗೆಯುವಷ್ಟರಲ್ಲಿ ನಾನು ನೋಟರಿಯ ಮೆಟ್ಟಿಲು ಹತ್ತುತ್ತಿದ್ದೆ.