ಧನುರ್ವಾಯು ಬರುವುದು ತುಕ್ಕಿನಿಂದಲ್ಲ: ಒಂದು ಸ್ಪಷ್ಟನೆ

‘ತುಕ್ಕು ಹಿಡಿಯದ ಕತ್ತಿ ತಗುಲಿದರೆ ಧನುರ್ವಾಯು ಬರುವುದಿಲ್ಲ, ಗಾಯಕ್ಕೆ ಕಾಫಿಪುಡಿ ಒತ್ತಿದರೆ ಸಾಕು, ಚುಚ್ಚುಮದ್ದು ಬೇಡ’ ಎಂಬ ಸಂದೇಶವೊಂದು ಮೂಡಿಗೆರೆ, ಸಕಲೇಶಪುರ ಭಾಗದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ರೋಗಕ್ಕೆ ಕಾರಣ ಮಣ್ಣು ಮತ್ತು ಸಗಣಿಯಲ್ಲಿರುವ ಕ್ಲಾಸ್ಟ್ರಿಡಿಯಂ ಟೆಟಾನಿ ಎಂಬ ಬ್ಯಾಕ್ಟೀರಿಯಾ. ಗಿಡದ ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕುವಾಗ ಚುಚ್ಚಿದ ಮುಳ್ಳೂ ಅದಕ್ಕೆ ಸಾಕು. ಗಾಯದಲ್ಲಿ ಅದು ಉತ್ಪಾದಿಸುವ ವಿಷವು ನರಗಳ ಮೂಲಕ ಬೆನ್ನುಹುರಿಯನ್ನು ತಲುಪಿ, ಸ್ನಾಯುಗಳನ್ನು ಸಡಿಲಗೊಳಿಸುವ ಸಂಕೇತಗಳನ್ನೇ ತಡೆಯುವುದರಿಂದ, ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ, ಮೊದಲು ದವಡೆ ಬಿಗಿದು ಬಾಯಿ ತೆರೆಯಲಾಗದ ಸ್ಥಿತಿ ಉಂಟಾಗುತ್ತದೆ. ಗಾಯವನ್ನು ಸೋಪುನೀರಿನಲ್ಲಿ ಚೆನ್ನಾಗಿ ತೊಳೆಯಬೇಕು (ಕಾಫಿಪುಡಿ ಕುಡಿಯಲಷ್ಟೇ ಇರಲಿ). ಮಣ್ಣು ಸೋಕಿದ ಗಾಯವಾಗಿದ್ದು, ಹಿಂದಿನ ಚುಚ್ಚುಮದ್ದಿಗೆ 5 ವರ್ಷ ದಾಟಿದ್ದರೆ ಅಥವಾ ಅದು ನೆನಪೇ ಇಲ್ಲದಿದ್ದರೆ, ತಡಮಾಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು ಲಸಿಕೆ ಪಡೆಯಬೇಕು. ಆ ಸಂದೇಶವನ್ನು ದಯವಿಟ್ಟು ಯಾರಿಗೂ ಕಳುಹಿಸಬೇಡಿ.